ವಸ್ತಿ ಶಾಲೆಯ ಅಂದಾಜು

ನಮೂನೆಯಲ್ಲಿ ಎರಡೇ ಉತ್ತರಗಳಿಗೆ ಜಾಗವಿತ್ತು. ‘ಆಹೆ’, ‘ನಾಹಿ’. ಮರಾಠಿಯಲ್ಲಿ ಇದೆ, ಇಲ್ಲ. ಶೌಚಾಲಯ, ಕುಡಿಯುವ ನೀರು, ಅಡುಗೆ ಕೋಣೆ, ಆವಾರದ ಗೋಡೆ, ನಡೆಯಲಾರದ ಮಕ್ಕಳಿಗಾಗಿ ಇಳಿಜಾರು ದಾರಿ, ಗ್ರಂಥಾಲಯ, ಪ್ರತಿ ಶಿಕ್ಷಕರಿಗೆ ಒಂದು ಕೋಣೆ ಹೀಗೆ ಎರಡು ಪುಟ ತುಂಬಿತ್ತು. ಶಾಲೆ ಎಂದರೆ ಇಷ್ಟಾದರೂ ಇರಬೇಕು ಎಂದು ಸರ್ಕಾರ ಗೊತ್ತುಮಾಡಿದ ಮಾನದಂಡಗಳು ಅವು. ‘ನಾಹಿ’ ಎಂದು ತುಂಬಿದರೆ ಕಂಪ್ಯೂಟರ್ ಅದರ ಮುಂದೆ ಒಂದು ದರ ಹಾಕುತ್ತಿತ್ತು. ‘ಆಹೆ’ ಎಂದರೆ ಸೊನ್ನೆ. ಕೊನೆಗೆ ಎಲ್ಲವನ್ನೂ ಕೂಡಿಸಿ, ಈ ಶಾಲೆ ಮಾನದಂಡ ಮುಟ್ಟಬೇಕಾದರೆ ಇಷ್ಟು ಹಣ ಬೇಕು ಎಂದು ತೋರಿಸುತ್ತಿತ್ತು.

ನಾನು ಮರಾಠಿ ಆಡಳಿತವಿರುವ ಗಡಿಯ ಬಿಳೂರಿನ ಕನ್ನಡ ಶಾಲೆಯಲ್ಲಿ ಗಣಿತ ಕಲಿಸುವವಳು. ದೀಪಾವಳಿ ರಜೆ ಮುಗಿದ ವಾರ ಜತ್ತದ ಶಿಕ್ಷಣ ಕಚೇರಿಯಿಂದ ಕರೆ ಬಂತು. ತಾಲೂಕಿನ ಹನ್ನೆರಡು ಕನ್ನಡ ಶಾಲೆಗಳ ಅಂದಾಜು ತಯಾರಿಸಲು ಕನ್ನಡ, ಮರಾಠಿ ಎರಡೂ ಬರೆಯಬಲ್ಲ, ಲೆಕ್ಕ ಗೊತ್ತಿರುವ ಒಬ್ಬರು ಬೇಕಾಗಿದ್ದರು. ಮೂರು ವಾರದ ಕೆಲಸ ಎಂದರು. ಏಳನೆಯ ತರಗತಿಯವರಿಗೆ ಸಮೀಕರಣ ಆಗಷ್ಟೇ ಶುರು ಮಾಡಿದ್ದೆ. ಅದನ್ನು ಜೊತೆಯ ಶಿಕ್ಷಕರಿಗೆ ಒಪ್ಪಿಸಿ, ಸ್ಕೂಟಿ ಹತ್ತಿ ಜತ್ತಕ್ಕೆ ಹೋದೆ. ಒಳಗೊಳಗೇ ಸ್ವಲ್ಪ ಹೆಮ್ಮೆ ಇತ್ತು. ಕೂಡಿಸುವುದು ಗುಣಿಸುವುದು ತಾನೆ, ಎರಡು ವಾರದಲ್ಲೇ ಮುಗಿಸಿಕೊಡುತ್ತೇನೆ ಎಂದುಕೊಂಡಿದ್ದೆ.

ಅಳತೆಗೆ ನನ್ನ ಜೊತೆ ಒಬ್ಬ ಇಂಜಿನಿಯರರನ್ನು ಕೊಟ್ಟಿದ್ದರು. ನಿವೃತ್ತಿಗೆ ಇನ್ನೊಂದೇ ವರ್ಷ ಉಳಿದಿದ್ದ, ಕಡಿಮೆ ಮಾತಿನ ಮನುಷ್ಯ. ಜತ್ತದವರೇ. ಮೊದಲ ದಿನ ಮೂವತ್ತು ಮೀಟರ್ ಟೇಪಿನ ಒಂದು ತುದಿ ನನ್ನ ಕೈಗೆ ಕೊಟ್ಟರು. ನಾನು ಹಿಡಿದ ರೀತಿ ಅವರಿಗೆ ಸರಿಬರಲಿಲ್ಲ.

“ಅಕ್ಕೋರ, ಟೇಪ ಸಡ್ಲ ಬಿಟ್ರ ಸರ್ಕಾರದ್ದು ಹೋಗ್ತೈತ್ರಿ. ಭಾಳ ಜಗ್ಗಿದ್ರ ಹುಡುಗೂರ್ದು ಹೋಗ್ತೈತಿ. ನಡುವ ಹಿಡೀರಿ.”

ಅದಾದ ಮೇಲೆ ನಾಲ್ಕು ಶಾಲೆಗಳಲ್ಲಿ ಅವರು ನನಗೆ ಕಲಿಸಿದ್ದನ್ನು ಯಾವ ತರಬೇತಿಯಲ್ಲೂ ಯಾರೂ ಕಲಿಸಿರಲಿಲ್ಲ. ಗೋಡೆಯ ಬಿರುಕಿಗೆ ಗಾಜಿನ ಪಟ್ಟಿ ಅಂಟಿಸಿ, ಅದು ಒಡೆದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದು ತಿಳಿಯುವುದು. ಚಾವಣಿಯನ್ನು ಕೋಲಿನಿಂದ ತಟ್ಟಿ, ಟೊಳ್ಳು ಸದ್ದು ಬಂದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುವುದು. ಕಂಪ್ಯೂಟರಿನಲ್ಲಿದ್ದ ದರ ಜತ್ತದ ಪೇಟೆಗೂ ತುದಿಯ ವಸ್ತಿಗೂ ಒಂದೇ ಆಗಿತ್ತು. ಆದರೆ ಮರಳು, ಜಲ್ಲಿ, ಸಿಮೆಂಟು ಎಷ್ಟು ದೂರದಿಂದ ಬರಬೇಕೋ ಅಷ್ಟು ಸಾಗಣೆ ಖರ್ಚನ್ನು ಬೇರೆಯಾಗಿ ಸೇರಿಸಲು ನಿಯಮವಿದೆ ಎಂದು ತೋರಿಸಿಕೊಟ್ಟವರೂ ಅವರೇ. ಆ ಒಂದು ಸಾಲು ಸೇರಿಸದಿದ್ದರೆ ಮಂಜೂರಾದ ಕೆಲಸವನ್ನು ಹಿಡಿಯಲು ಯಾವ ಗುತ್ತಿಗೆದಾರನೂ ಅಷ್ಟು ದೂರ ಬರುವುದಿಲ್ಲ.

ಐದನೆಯದು ಮಾಡಗ್ಯಾಳದಿಂದ ಆಚೆ, ಕಲ್ಲು ಮಡ್ಡಿಯ ಮೇಲಿನ ಒಂದು ವಸ್ತಿಯ, ಅಂದರೆ ಊರಿನಿಂದ ದೂರ ಹೊಲಗಳಲ್ಲಿ ಮನೆ ಮಾಡಿಕೊಂಡವರ, ಶಾಲೆ. ಎರಡು ಕೋಣೆ, ನಾಲ್ಕನೆಯ ತರಗತಿಯವರೆಗೆ ಹತ್ತೊಂಬತ್ತು ಮಕ್ಕಳು. ಹೆಚ್ಚಿನವರು ಕುರಿ ಸಾಕುವವರ ಮನೆಯವರು. ಮುಖ್ಯಾಧ್ಯಾಪಕರೊಬ್ಬರೇ ಎಲ್ಲರಿಗೂ ಕಲಿಸುತ್ತಿದ್ದರು. ಎರಡನೆಯ ಶಿಕ್ಷಕರ ಜಾಗ ಖಾಲಿಯಿತ್ತು. ಅವರು ತುಂಬಿ ಕಳಿಸಿದ್ದ ನಮೂನೆಯನ್ನು ನಾನು ಮೊದಲೇ ನೋಡಿದ್ದೆ. ಎರಡು ಪುಟದ ತುಂಬ ‘ಆಹೆ, ಆಹೆ, ಆಹೆ’. ಹನ್ನೆರಡು ಶಾಲೆಗಳಲ್ಲಿ ಎಲ್ಲಕ್ಕಿಂತ ಕಡಿಮೆ ಹಣ ಕೇಳಿದ್ದು ಅದೇ. ಇಲ್ಲಿ ಕೆಲಸ ಬೇಗ ಮುಗಿಯುತ್ತದೆ ಎಂದು ಖುಷಿಯಲ್ಲೇ ಹೋಗಿದ್ದೆ.

ಶೌಚಾಲಯ ಇತ್ತು. ಬಾಗಿಲಿಗೆ ಕೀಲಿ ಹಾಕಿತ್ತು. ತೆಗೆಸಿ ನೋಡಿದರೆ ಒಳಗೆ ಕಟ್ಟಿಗೆ ಹೊರೆ. ನೀರಿನ ಪೈಪು ಗೋಡೆಯವರೆಗೆ ಬಂದು ಅಲ್ಲೇ ನಿಂತಿತ್ತು. ಗ್ರಂಥಾಲಯ ಎಂದರೆ ತುಕ್ಕು ಹಿಡಿದ ಒಂದು ಟ್ರಂಕು. ಕುಡಿಯುವ ನೀರನ್ನು, ಮಕ್ಕಳ ಬಿಸಿಯೂಟದ ಅಡುಗೆ ಮಾಡುವ ತಾಯಿ ಪಕ್ಕದ ಹೊಲದ ತೊಟ್ಟಿಯಿಂದ ದಿನಕ್ಕೆ ಆರು ಕೊಡ ಹೊತ್ತು ತರುತ್ತಿದ್ದಳು. ಇಳಿಜಾರು ದಾರಿಯೂ ಇತ್ತು. ಇಂಜಿನಿಯರರು ಟೇಪು ಹಿಡಿದರು. ಕಟ್ಟೆಯ ಎತ್ತರ ಒಂದೂವರೆ ಅಡಿ, ಇಳಿಜಾರಿನ ಉದ್ದ ನಾಲ್ಕೂವರೆ ಅಡಿ. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎನ್ನುತ್ತದೆ ಮಾನದಂಡ. ಅಂದರೆ ಹದಿನೆಂಟು ಅಡಿ. ಇಲ್ಲಿದ್ದದ್ದು ಅದರ ನಾಲ್ಕರಲ್ಲಿ ಒಂದು ಪಾಲು. ಮೂರನೆಯ ತರಗತಿಯಲ್ಲಿ ಕಾಲಿಗೆ ಆಧಾರದ ಪಟ್ಟಿ ಕಟ್ಟಿಕೊಂಡು ನಡೆಯುವ ಹುಡುಗಿಯೊಬ್ಬಳಿದ್ದಳು. ಇದರ ಮೇಲೆ ಹತ್ತುತ್ತೀಯೇನು ಎಂದು ಕೇಳಿದೆ.

“ಇಲ್ರಿ ಅಕ್ಕೋರ. ಪಾವಟಿಗಿ ಮ್ಯಾಲ ಕುಂತ ಕುಂತ ಹತ್ತತೀನ್ರಿ. ಇದು ಜಾರೂದಕ್ಕ ಐತ್ರಿ,” ಎಂದಳು, ಪಕ್ಕದ ಮೆಟ್ಟಿಲು ತೋರಿಸಿ. ಉಳಿದ ಮಕ್ಕಳು ನಕ್ಕರು. ಅವಳೂ ನಕ್ಕಳು.

ನನಗೆ ನಗು ಬರಲಿಲ್ಲ. ಮುಖ್ಯಾಧ್ಯಾಪಕರ ಕಡೆ ತಿರುಗಿ, ಮಕ್ಕಳ ಎದುರಿಗೇ ಗಟ್ಟಿಯಾಗಿ ಕೇಳಿಬಿಟ್ಟೆ: “ಏನ್ರಿ ಇದು, ಸರ? ಎಲ್ಲಾ ಐತಿ ಅಂತ ಸಹಿ ಹೊಡದೀರಲ್ಲ, ಇದಕ್ಕ ಐತಿ ಅಂತಾರೇನ್ರಿ?”

ಅವರು ಮಕ್ಕಳನ್ನು ಒಳಗೆ ಕೂರಿಸಿ, ಮಗ್ಗಿ ಬರೆಯಲು ಹೇಳಿ, ಬೇವಿನ ಗಿಡದ ಕೆಳಗೆ ನಮಗೆ ಕುರ್ಚಿ ಹಾಕಿದರು. ಚಹಾ ಬಂತು. ಅದು ಮುಗಿದ ಮೇಲೆ ನಮೂನೆಯ ಎರಡನೆಯ ಪುಟ ತಿರುವಿ ನನ್ನ ಮುಂದೆ ಇಟ್ಟರು.

“ನೀವು ಲೆಕ್ಕದವ್ರು. ಕಡೀ ಕಾಲಮ್ ಓದ್ರಿ.”

ಕೊನೆಯ ಕಾಲಮ್ ‘ಪ್ರತಿ ವಿದ್ಯಾರ್ಥಿಗೆ ಖರ್ಚು’. ಒಟ್ಟು ಮೊತ್ತವನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸಿ ಕಂಪ್ಯೂಟರೇ ಬರೆಯುತ್ತಿತ್ತು. ನಾನು ಅದನ್ನು ನೋಡಿಯೂ ನೋಡದಂತೆ ದಾಟಿದ್ದೆ.

“ಖರೇ ಬರದ್ನಿ ಅಂದ್ರ ಅಲ್ಲಿ ಏನ ಬರ್ತೈತಿ ನೀವ ಹೇಳ್ರಿ. ಜಿಲ್ಲಾದಾಗ ಆ ಕಾಲಮ್ ನೋಡಿ, ಯಾವ ಸಾಲಿ ಭಾಳ ತುಟ್ಟಿ ಅಂತ ಯಾದಿ ಮಾಡ್ತಾರ. ತುಟ್ಟಿ ಸಾಲಿ ಮುಚ್ಚಿ ಹುಡುಗೂರ್ನ ಹತ್ತರದ ಸಾಲಿಗಿ ಹಚ್ಚತಾರ. ಅದಕ ನಾನು ಸುಳ್ಳ ಬರದೀನ್ರಿ. ಬೈರಿ ಬೇಕಾದ್ರ.”

ಬೈಯುವ ಸರದಿ ನನ್ನದಾಗಿರಲಿಲ್ಲ. ಮಕ್ಕಳ ಎದುರಿಗೆ ಮಾತನಾಡಿದ್ದಕ್ಕೆ ತಪ್ಪಾಯಿತು ಎಂದೆ. ಅವರು ಕೈ ಅಡ್ಡ ಹಿಡಿದು, “ಇರ್ಲಿ ಬಿಡ್ರಿ, ನಿಮ್ಮ ಜಾಗಾದಾಗ ನಾ ಇದ್ರೂ ಹಂಗ ಅಂತಿದ್ನಿ,” ಎಂದರು.

ಮರುದಿನ ಕಚೇರಿಯಲ್ಲಿ ಕೂತು, ಇನ್ನೂ ಅಳೆಯದ ಶಾಲೆಗಳಿಗೆ ಅವರು ಕಳಿಸಿದ ಅಂಕಿಯನ್ನೇ ಹಿಡಿದು, ಎರಡೂ ಬಗೆಯಲ್ಲಿ ಲೆಕ್ಕ ಹಾಕಿದೆ. ಇದ್ದದ್ದನ್ನು ಇದ್ದಂತೆ ಬರೆದರೆ, ಹನ್ನೆರಡು ಶಾಲೆಗಳಲ್ಲಿ ಪ್ರತಿ ಮಗುವಿಗೆ ಹೆಚ್ಚು ಖರ್ಚಿನದು ಅದೇ ಶಾಲೆ, ಎರಡನೆಯದಕ್ಕಿಂತ ಎಷ್ಟೋ ಮೇಲೆ. ಹತ್ತೊಂಬತ್ತರಿಂದ ಭಾಗಿಸಿದರೆ ಇನ್ನೇನು ಬರುತ್ತದೆ? ಪಕ್ಕದ ಕಾಲಮಿನಲ್ಲಿ ‘ಹತ್ತಿರದ ಶಾಲೆಯ ದೂರ’ ಎಂದಿತ್ತು. ಅದನ್ನೂ ನಕಾಶೆಯಿಂದ ಕಂಪ್ಯೂಟರೇ ತೆಗೆದುಕೊಂಡಿತ್ತು: ಒಂಬೈನೂರು ಮೀಟರ್. ಸಣ್ಣ ಮಕ್ಕಳಿಗೆ ಒಂದು ಕಿಲೋಮೀಟರಿನ ಒಳಗೆ ಶಾಲೆ ಇರಬೇಕು ಎನ್ನುವುದು ನಿಯಮ. ಒಂಬೈನೂರು ಮೀಟರಿಗೆ ಇನ್ನೊಂದು ಶಾಲೆ ಇದೆ ಎಂದಮೇಲೆ ಇದನ್ನು ಮುಚ್ಚಲು ಯಾವ ಅಡ್ಡಿಯೂ ಇರಲಿಲ್ಲ.

ನಾನು ಮಾಡಿದ್ದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಶೌಚಾಲಯಕ್ಕೆ ‘ಆಹೆ’ ಎಂದು ಹಾಗೆಯೇ ಬಿಟ್ಟೆ. ಇಳಿಜಾರಿಗೂ ‘ಆಹೆ’. ಗ್ರಂಥಾಲಯಕ್ಕೂ. ಚಾವಣಿ ದುರಸ್ತಿಯನ್ನು ಮಾತ್ರ ಸೇರಿಸಿದೆ, ಅದು ಮಕ್ಕಳ ತಲೆಯ ಮೇಲೆ ಬೀಳಬಹುದು ಎಂದು. ಎರಡನೆಯ ಸ್ಥಾನದ ಶಾಲೆಗಿಂತ ಸ್ವಲ್ಪ ಕೆಳಗೆ ಬರುವಂತೆ ಅಂಕಿ ಹೊಂದಿಸಿದೆ. ಇಪ್ಪತ್ತು ವರ್ಷ ಮಕ್ಕಳಿಗೆ ಉತ್ತರ ನೋಡಿ ಲೆಕ್ಕ ಹೊಂದಿಸಬೇಡಿರಿ ಎಂದು ಹೇಳಿದವಳು, ಅಂದು ಅದನ್ನೇ ಮಾಡಿದೆ. ಮುದ್ರಿಸಿ ಇಂಜಿನಿಯರರ ಮೇಜಿನ ಮೇಲೆ ಸಹಿಗೆ ಇಟ್ಟೆ.

ಅವರು ಕನ್ನಡಕ ಹಾಕಿಕೊಂಡು ಕೊನೆಯವರೆಗೆ ಓದಿದರು. ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

“ಇದಕ್ಕ ನನ್ನ ಸಹಿ ಆಗೂದಿಲ್ರಿ.”

“ಸಾಲಿ ಮುಚ್ಚತಾರ್ರಿ, ಸರ.”

“ಗೊತ್ತೈತ್ರಿ. ಆದ್ರ ನಾ ಅಳತಿ ಹಿಡದದ್ದು ನಾಲ್ಕೂವರಿ ಫೂಟ. ಕಾಗದದಾಗ ಅದು ಹದಿನೆಂಟ ಆಗೂದಿಲ್ಲ.” ಆಮೇಲೆ ಕಾಗದವನ್ನು ನನ್ನ ಕಡೆಗೆ ಸರಿಸುತ್ತ, “ಇವತ್ತ ಐತಿ ಅಂತ ಬರದ್ರ ಇನ್ನ ಹತ್ತ ವರ್ಷ ಯಾರೂ ಆ ಸಾಲಿಗಿ ಒಂದ ರೂಪಾಯಿ ಕೊಡೂದಿಲ್ರಿ. ಸರ್ಕಾರಿ ಕಾಗದಾ ಭಾಳ ದಿವಸ ಬದಕ್ತೈತಿ,” ಎಂದರು.

ನನಗೆ ಸಿಟ್ಟು ಬಂದಿತ್ತು. ಹಾಗಾದರೆ ಖರೇ ಬರೆದು, ನಮ್ಮ ಕೈಯಾರೆ ಮುಚ್ಚಿಸಿಬಿಡೋಣವೇ ಎಂದು ಕೇಳಿದೆ. ಅವರು ಬೇರೆಯದನ್ನೇ ಕೇಳಿದರು.

“ನಾವು ರಸ್ತಾದ ಅಂದಾಜ ಮಾಡೂ ಮುಂದ ಎಷ್ಟ ಹಾದಿ ತೋರಸ್ತೀವಿ, ಗೊತ್ತೇನ್ರಿ? ಎರಡ. ಇದು ಹಿಂಗ ಹ್ವಾದ್ರ ಇಷ್ಟ, ಹಂಗ ಹ್ವಾದ್ರ ಅಷ್ಟ. ನೀವು ಸಾಲಿ ಇಡೂ ಖರ್ಚ ಬರದೀರಿ. ಮುಚ್ಚೂ ಖರ್ಚ ಯಾರ ಬರದಾರ?”

ಯಾರೂ ಬರೆದಿರಲಿಲ್ಲ. ನಮೂನೆಯಲ್ಲಿ ಅದಕ್ಕೆ ಕಾಲಮ್ಮೇ ಇರಲಿಲ್ಲ. ಆ ಮಕ್ಕಳು ಇನ್ನೊಂದು ಶಾಲೆಗೆ ಹೋದರೆ ಅಲ್ಲಿಯೂ ಇದೇ ಮಾನದಂಡಗಳು ಇರುತ್ತವೆ. ಅಲ್ಲಿಯೂ ಕೋಣೆ, ಶೌಚಾಲಯ, ಶಿಕ್ಷಕರು ಬೇಕು. ದೂರ ಒಂದು ಕಿಲೋಮೀಟರಿಗಿಂತ ಹೆಚ್ಚಾದರೆ ವಾಹನ ಬೇಕು. ಒಂಬೈನೂರು ಮೀಟರ್ ಎಂಬುದನ್ನು ಯಾರಾದರೂ ನಡೆದು ನೋಡಿದ್ದಾರೆಯೇ? ಇಷ್ಟು ಸರಳ ಪ್ರಶ್ನೆ ನನಗೆ ತಾನಾಗಿ ಹೊಳೆಯಲಿಲ್ಲ. ಅಂದು ಆ ಸಹಿ ಸಿಕ್ಕಿದ್ದರೆ ನಾನು ಅದನ್ನು ಯಾವತ್ತೂ ಕೇಳಿಕೊಳ್ಳುತ್ತಿರಲಿಲ್ಲ.

ಆದರೆ ಇದು ನಮ್ಮಿಬ್ಬರ ನಿರ್ಧಾರವಲ್ಲ. ಖರೇ ಅಂಕಿ ಹೋದರೆ ಕಳೆದುಕೊಳ್ಳುವವರು ಆ ವಸ್ತಿಯವರು. ಮುಖ್ಯಾಧ್ಯಾಪಕರಿಗೆ ಹೇಳಿ ಶಾಲೆಯ ಪಾಲಕರ ಸಮಿತಿ ಕರೆಸಿದೆವು. ಏಳು ಜನ ಬಂದರು. ನಾನು ಹಲಗೆಯ ಮೇಲೆ ಎರಡೂ ಲೆಕ್ಕ ಬರೆದು ತೋರಿಸಿದೆ. ಹೀಗೆ ಬರೆದರೆ ಶಾಲೆ ಸದ್ಯ ಉಳಿಯುತ್ತದೆ, ಆದರೆ ಏನೂ ಬರುವುದಿಲ್ಲ. ಹಾಗೆ ಬರೆದರೆ ಬರಬಹುದು, ಮುಚ್ಚಲೂಬಹುದು. ನನ್ನ ಮಾತಿಗೆ ಖಾತ್ರಿ ಇಲ್ಲ.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬರು, “ಇದ್ದದ್ದ ಇರ್ಲಿ ಬಿಡ್ರಿ, ಎದಕ್ಕ ಗದ್ದಲಾ,” ಎಂದರು. ಮುಖ್ಯಾಧ್ಯಾಪಕರು ತಲೆ ತಗ್ಗಿಸಿದ್ದರು. ಬಾಗಿಲ ಹತ್ತಿರ ಕೂತಿದ್ದ ಅಡುಗೆಯ ತಾಯಿ ಆಗ ಮಾತನಾಡಿದಳು. ಅವಳೂ ಸಮಿತಿಯ ಸದಸ್ಯೆ.

“ಅಣ್ಣಾ, ಒಂದ ಮಾತ ಹೇಳ್ತೀನಿ. ದಿನಾ ಆರ ಕೊಡಾ ನೀರ ತರ್ತೀನಲ್ಲ, ಅದರಾಗ ಎರಡ ಕೊಡಾ ಉಳೀತಾವ. ಯಾಕ ಹೇಳ್ರಿ? ಹುಡುಗ್ಯಾರು ನೀರ ಕುಡಿಯೂದಿಲ್ಲ. ಕುಡದ್ರ ಹೊರಗ ಹೋಗಬೇಕಾಗ್ತೈತಿ, ಹೋಗಾಕ ಜಾಗಾ ಇಲ್ಲ. ಮುಂಜಾನಿಂದ ಮನೀಗಿ ಹೋಗೂತನಾ ಬಾಯಿ ಒಣಗಿಸ್ಕೊಂಡ ಕುಂದರ್ತಾವ. ಸಾಲಿ ಉಳಸೂದಂದ್ರ ಗ್ವಾಡಿ ಉಳಸೂದೇನ್ರಿ?”

ಮುಖ್ಯಾಧ್ಯಾಪಕರು ಈ ಸಂಗತಿಯನ್ನು ಮೊದಲ ಸಲ ಕೇಳಿದಂತೆ ಅವಳ ಕಡೆ ನೋಡುತ್ತಿದ್ದರು. ನಂತರ ನನ್ನ ಕೈಯಿಂದ ನಮೂನೆ ತೆಗೆದುಕೊಂಡು, ತಾವು ಬರೆದಿದ್ದ ‘ಆಹೆ’ಗಳ ಮೇಲೆ ಒಂದೊಂದಾಗಿ ಗೆರೆ ಎಳೆದರು. ಪ್ರತಿ ಗೆರೆಯ ಪಕ್ಕದಲ್ಲಿ ಸಹಿ ಹಾಕಿದರು. ತಪ್ಪು ಮಾಹಿತಿ ಕೊಟ್ಟಿದ್ದಕ್ಕೆ ಕಾರಣ ಕೇಳಿ ನೋಟಿಸು ಬರಬಹುದು ಎಂಬುದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಉಳಿದದ್ದು ದಾರಿಯ ಅಳತೆ. ಮರುದಿನ ಬೆಳಿಗ್ಗೆ ನಾವು ನಾಲ್ವರು ಹೊರಟೆವು: ಇಂಜಿನಿಯರರು, ಮುಖ್ಯಾಧ್ಯಾಪಕರು, ಅಡುಗೆಯ ತಾಯಿ, ನಾನು. ಮೊಬೈಲಿನಲ್ಲಿ ಅಳೆದರೆ ಆಗದೇ ಎಂದು ಕೇಳಿದೆ. ಮೊಬೈಲು ಆ ನಕಾಶೆಯ ತಮ್ಮನೇ, ಟೇಪೇ ಹಿಡಿಯೋಣ ಎಂದರು ಇಂಜಿನಿಯರರು. ಶಾಲೆಯ ಬಾಗಿಲಿನಿಂದ ಶುರು. ಮೂವತ್ತು ಮೀಟರಿಗೊಮ್ಮೆ ಮುಖ್ಯಾಧ್ಯಾಪಕರು ನೆಲದ ಮೇಲೆ ಸುಣ್ಣದ ಪುಡಿಯಿಂದ ಗೆರೆ ಹಾಕುವುದು. ಅಡುಗೆಯ ತಾಯಿ ಒಂದು ಹುಣಸೆ ಬೀಜವನ್ನು ಎಡಗೈಯಿಂದ ಉಡಿಗೆ ಹಾಕಿಕೊಳ್ಳುವುದು. ನಾನು ವಹಿಯಲ್ಲಿ ಬರೆಯುವುದು. ದಾರಿ ಯಾವುದು ಎಂದು ತೋರಿಸುವವಳೂ ಅವಳೇ, ಮಕ್ಕಳು ನಡೆಯಬಲ್ಲ ದಾರಿ.

ನಕಾಶೆಯಲ್ಲಿ ಎರಡು ಶಾಲೆಗಳ ನಡುವೆ ನೇರ ಗೆರೆ. ಆ ಗೆರೆ ಒಂದು ಹಳ್ಳವನ್ನು ದಾಟುತ್ತಿತ್ತು. ಹದಿಮೂರನೆಯ ಬೀಜಕ್ಕೆ ನಾವು ಹಳ್ಳದ ದಂಡೆಗೆ ಬಂದೆವು. ತುಂಬು ನೀರು.

“ಮೊದಲ ಇದು ಮಳಿಗಾಲದಾಗ ನಾಕ ದಿವಸ ಅಷ್ಟ ಹರೀತಿತ್ರಿ,” ಎಂದಳು ಅವಳು. “ಈಗ ಕೆರಿ ತುಂಬಸಾಕ ಕಾಲುವಿ ನೀರ ಬಿಡ್ತಾರ. ತಿಂಗಳಗಟ್ಲೆ ಹಿಂಗ ಎದಿಮಟಾ ನಿಂತಿರ್ತೈತಿ. ನೀರ ಬಂದದ್ದು ಚಲೋನ ಆತ್ರಿ, ನಮ್ಮ ಕುರಿಗೋಳು ಕುಡೀತಾವ. ಆದ್ರ ಹುಡುಗೂರು ಹೆಂಗ ದಾಟಬೇಕು? ಸಾಹೇಬ್ರ ನಕಾಶಿದಾಗ ಹಳ್ಳಕ್ಕ ನೀರ ಇಲ್ಲೇನ್ರಿ?”

ಅಲ್ಲಿಂದ ದಂಡೆಗುಂಟ ಮೇಲೆ ಹೋಗಬೇಕು. ಬಾಂದಾರದ ಒಡ್ಡಿನ ಮೇಲೆ ದಾಟಿ, ಆಚೆಯ ದಂಡೆಗುಂಟ ಮತ್ತೆ ಕೆಳಗೆ ಬರಬೇಕು. ಬಿಸಿಲೇರಿತು. ಜಾಲಿ ಮುಳ್ಳು ಟೇಪಿಗೆ ಸಿಕ್ಕಿ ಎರಡು ಸಲ ಬಿಡಿಸಿಕೊಂಡೆವು. ಒಡ್ಡು ದಾಟಿ ಸ್ವಲ್ಪ ದೂರ ಹೋಗಿ, ನೀರು ಕುಡಿಯಲೆಂದು ಕೂತಿದ್ದಾಗ ಮಾಡಗ್ಯಾಳದ ಕಡೆಯಿಂದ ಕುರಿಗಳ ದೊಡ್ಡ ಹಿಂಡು ಬಂತು. ಗಿಳಿಮೂಗಿನ ದೊಡ್ಡ ಟಗರೊಂದು ಮುಂದೆ, ಹಿಂದೆ ಉಳಿದವು. ನಮ್ಮ ಸುಣ್ಣದ ಗೆರೆಗಳ ಮೇಲೆಯೇ ನಡೆದು ಹೋದವು. ಎದ್ದು ನೋಡುವಷ್ಟರಲ್ಲಿ ದಾರಿಯ ತುಂಬ ಗೊರಸಿನ ಗುರುತು, ಕಣ್ಣಿಗೆ ಬೀಳುವಷ್ಟು ದೂರ ಗೆರೆ ಒಂದೂ ಇಲ್ಲ. ಉಡಿಯಲ್ಲಿದ್ದ ಬೀಜ ಎಣಿಸಿದರೆ ಅರವತ್ತೆರಡು. ನನ್ನ ವಹಿಯಲ್ಲಿ ಅರವತ್ತೊಂದು.

“ಒಂದ ಟೇಪ ಹೆಚ್ಚಕಡಿಮಿ, ನಡೀತೈತಿ ಬಿಡ್ರಿ,” ಎಂದೆ ನಾನು. ನನ್ನ ಕಾಲುಗಳು ಸೋತಿದ್ದವು.

“ಹಂಗ ಹೆಂಗ ನಡೀತೈತ್ರಿ? ಈ ಕಾಗದಾ ಓದಾಂವ ಮೊದಲ ಹುಡುಕೂದು ತಪ್ಪನ್ನ,” ಎಂದರು ಇಂಜಿನಿಯರರು. ಒಡ್ಡಿನ ಕಲ್ಲಿನ ಮೇಲೆ ಐವತ್ತೆರಡನೆಯ ಗೆರೆ ಅಳಿಯದೆ ಉಳಿದಿತ್ತು. ಅಲ್ಲಿ ಬೀಜವನ್ನೂ ವಹಿಯನ್ನೂ ತಾಳೆ ನೋಡಿದ್ದೆವು. ಅಷ್ಟು ದೂರ ಹಿಂದೆ ಹೋಗಿ ಮತ್ತೆ ಅಳೆದೆವು. ಬೀಜದ ಲೆಕ್ಕವೇ ಸರಿಯಿತ್ತು. ನಾನು ವಹಿಯಲ್ಲಿ ಒಂದನ್ನು ಬಿಟ್ಟಿದ್ದೆ. ಗಣಿತದ ಅಕ್ಕೋರ ಲೆಕ್ಕ ತಪ್ಪಿತು ಎಂದು ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

ಆಚೆಯ ಶಾಲೆಯ ಬಾಗಿಲು ಮುಟ್ಟಿದಾಗ ಎಂಬತ್ತೇಳು ಬೀಜ. ಎರಡು ಸಾವಿರದ ಆರುನೂರ ಹತ್ತು ಮೀಟರ್. ಕಂಪ್ಯೂಟರ್ ಹೇಳಿದ್ದರ ಮೂರುಪಟ್ಟಿಗೆ ಸ್ವಲ್ಪ ಕಡಿಮೆ.

ಅದು ಮರಾಠಿ ಶಾಲೆ. ಅದು ನನಗೆ ಗೊತ್ತಿರಬೇಕಾಗಿತ್ತು. ಆದರೆ ನಮೂನೆ ಹತ್ತಿರದ ಶಾಲೆಯ ದೂರ ಕೇಳಿತ್ತೇ ಹೊರತು ಅಲ್ಲಿಯ ಭಾಷೆ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅಲ್ಲಿಯ ಮುಖ್ಯಾಧ್ಯಾಪಕಿ ನಮ್ಮ ಧೂಳು ಹಿಡಿದ ಮುಖ ನೋಡಿ ಮೊದಲು ನೀರು ಕೊಟ್ಟು, ಮಕ್ಕಳಿಗೆ ಮಾಡಿದ ಖಿಚಡಿಯಲ್ಲಿ ನಮಗೂ ಬಡಿಸಿದರು. ನಾವು ಬಂದ ಕಾರಣ ಹೇಳಿದೆ. ಅವರು ಮರಾಠಿಯಲ್ಲಿ ಹೇಳಿದ್ದು ಇಷ್ಟು: ನನ್ನ ಶಾಲೆಯಲ್ಲಿಯೂ ಮಕ್ಕಳ ಸಂಖ್ಯೆ ಕಡಿಮೆಯಾಗುತ್ತಿದೆ. ನಿಮ್ಮ ಹತ್ತೊಂಬತ್ತು ಮಕ್ಕಳು ಬಂದರೆ ನನ್ನ ಒಂದು ಹುದ್ದೆ ಉಳಿಯುತ್ತದೆ. ಆದರೆ ಮನೆಯಲ್ಲಿ ಕನ್ನಡ ಆಡುವ ಒಂದನೆಯ ತರಗತಿಯ ಮಗುವಿಗೆ ನಾನು ಓದಲು ಹೇಗೆ ಕಲಿಸಲಿ? ನನಗೆ ಕನ್ನಡ ಬರುವುದಿಲ್ಲ. ಬೇಕಾದರೆ ಬರೆದುಕೊಡುತ್ತೇನೆ.

ಬರೆದುಕೊಟ್ಟರು. ಶಾಲೆಯ ಮುದ್ರೆ ಒತ್ತಿ, ಕೋಣೆ ಒಂದು ಕಡಿಮೆ ಬೀಳುತ್ತದೆ, ಕನ್ನಡ ಬಲ್ಲ ಶಿಕ್ಷಕರಿಲ್ಲ ಎಂದು. ತಮಗೆ ಲಾಭವಾಗುವ ಒಂದು ಸಂಗತಿಯ ವಿರುದ್ಧ, ಆಗಷ್ಟೇ ಪರಿಚಯವಾದ ನಾಲ್ವರಿಗಾಗಿ. ನನ್ನ ವೃತ್ತಿಯ ಮೇಲೆ ಬೇಸರ ಬಂದ ದಿನಗಳಲ್ಲಿ ಆ ಅರ್ಧ ಪುಟದ ಪತ್ರವನ್ನು ನೆನೆಯುತ್ತೇನೆ.

ಉಳಿದ ಏಳು ಶಾಲೆಗಳ ಅಳತೆ ಮುಗಿದ ಮೇಲೆ, ಎರಡು ದಿನ ಕೂತು ನಮೂನೆಯ ಹಿಂದೆ ಹಚ್ಚುವ ಪುರವಣಿ ತಯಾರಿಸಿದೆ. ಒಂದು ಕಡೆ ವಸ್ತಿ ಶಾಲೆಯನ್ನು ಮಾನದಂಡಕ್ಕೆ ತರುವ ಖರ್ಚು, ಏನೂ ಮುಚ್ಚದೆ. ಇನ್ನೊಂದು ಕಡೆ ಅದನ್ನು ಮುಚ್ಚಿ ಮಕ್ಕಳನ್ನು ಆಚೆಯ ಶಾಲೆಗೆ ಕಳಿಸುವ ಖರ್ಚು, ಅದೇ ಮಾನದಂಡದಂತೆ: ಒಂದು ಹೆಚ್ಚಿನ ಕೋಣೆ, ಕನ್ನಡ ಶಿಕ್ಷಕರ ಒಂದು ಹುದ್ದೆ, ಹಳ್ಳ ಸುತ್ತಿ ಬರುವ ವಾಹನ. ಕಟ್ಟಡದ ಖರ್ಚು ಒಮ್ಮೆ, ವಾಹನದ್ದು ಪ್ರತಿ ವರ್ಷ. ಮೊದಲ ವರ್ಷ ಮುಚ್ಚುವುದೇ ಅಗ್ಗ. ಎರಡನೆಯ ವರ್ಷ ಹೆಚ್ಚುಕಡಿಮೆ ಸಮ. ಮೂರನೆಯ ವರ್ಷದಿಂದ ಶಾಲೆ ಇಟ್ಟುಕೊಳ್ಳುವುದೇ ಅಗ್ಗ. ಮೊದಲ ವರ್ಷದ ಅಂಕಿಯನ್ನೂ ಬಚ್ಚಿಡಲಿಲ್ಲ. ಇಂಜಿನಿಯರರು ಈ ಸಲ ಪೆನ್ನಿನ ಮುಚ್ಚಳ ತೆಗೆದರು. ಪ್ರತಿ ಪುಟಕ್ಕೂ ಸಹಿ ಮಾಡಿ, ದಾರಿಯ ರೇಖಾಚಿತ್ರವನ್ನು ತಾವೇ ಪೆನ್ಸಿಲಿನಲ್ಲಿ ಬಿಡಿಸಿ ಹಚ್ಚಿದರು.

ಕಚೇರಿಯ ಸಾಹೇಬರು ಮರಾಠಿಯವರು, ಶಿಸ್ತಿನವರು. ಹನ್ನೊಂದು ಶಾಲೆಗಳ ಕಾಗದ ಐದು ನಿಮಿಷದಲ್ಲಿ ನೋಡಿ ಪಕ್ಕಕ್ಕಿಟ್ಟರು. ಹನ್ನೆರಡನೆಯದಕ್ಕೆ ಬಂದಾಗ ನಿಂತರು.

“ಪುರವಣಿ ಕೇಳಿದವರು ಯಾರು?” ಎಂದರು ಮರಾಠಿಯಲ್ಲಿ.

“ಯಾರೂ ಕೇಳಿಲ್ಲ, ಸಾಹೇಬರೆ.”

“ನಮೂನೆಯಲ್ಲಿ ಇದಕ್ಕೆ ಜಾಗವಿಲ್ಲ. ಮೇಲಿನವರು ಹಿಂದಕ್ಕೆ ಕಳಿಸುತ್ತಾರೆ. ತೆಗೆದುಬಿಡಿ.”

ಇಂಜಿನಿಯರರು ಕುರ್ಚಿಯಿಂದ ಏಳದೆ, ಶಾಂತವಾಗಿ, “ದೂರದ ಕಾಲಮಿನಲ್ಲಿ ಒಂಬೈನೂರು ಎಂದಿದೆ. ಅಳತೆ ಎರಡು ಸಾವಿರದ ಆರುನೂರ ಹತ್ತು. ಪುರವಣಿ ತೆಗೆದರೆ ತಪ್ಪು ಅಂಕಿಗೆ ನಾವು ಮೂವರೂ ಸಹಿ ಮಾಡಿದಂತಾಗುತ್ತದೆ,” ಎಂದರು. ಅವರು ಮರಾಠಿ ಮಾತನಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಸಾಹೇಬರು ಮತ್ತೆ ಓದತೊಡಗಿದರು. ಮರಾಠಿ ಶಾಲೆಯ ಪತ್ರವನ್ನು ಎರಡು ಸಲ ಓದಿದರು. ಮುಖ್ಯಾಧ್ಯಾಪಕರು ಗೆರೆ ಎಳೆದು ಸಹಿ ಹಾಕಿದ ಪುಟದ ಮೇಲೆ ಬೆರಳಿಟ್ಟು, ಇದೇನು ಎಂದು ಕೇಳಿದರು. ಇದ್ದದ್ದನ್ನು ಹೇಳಿದೆ. ಮುಖ್ಯಾಧ್ಯಾಪಕರು ಹೆದರಿ ಬರೆದದ್ದು, ಆಮೇಲೆ ತಾವೇ ತಿದ್ದಿದ್ದು. ಮೊದಲ ಸಲ ನಾನೂ ಹಾಗೆಯೇ ಮಾಡಿದ್ದೆ ಎಂಬುದನ್ನೂ ಹೇಳಿದೆ. ಅವರೊಬ್ಬರ ಮೇಲೆ ತಪ್ಪು ಹೋಗುವುದು ನನಗೆ ಬೇಡವಾಗಿತ್ತು.

ಸಾಹೇಬರು ನನ್ನ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಪೆನ್ನು ತೆಗೆದು, ದೂರದ ಕಾಲಮಿನ ಒಂಬೈನೂರನ್ನು ಹೊಡೆದುಹಾಕಿ, ಪಕ್ಕದಲ್ಲಿ ನಮ್ಮ ಅಂಕಿ ಬರೆದು, ‘ನಡೆದು ಅಳೆದದ್ದು, ಪುರವಣಿ ನೋಡಿ’ ಎಂದು ತಮ್ಮ ಕೈಬರಹದಲ್ಲಿ ಸೇರಿಸಿದರು. “ಕಳಿಸುತ್ತೇನೆ. ಏನಾಗುತ್ತದೆ ಎಂದು ಹೇಳಲಾರೆ. ಉಳಿದ ಶಾಲೆಗಳ ದೂರವನ್ನೂ ನಡೆದು ನೋಡಿದ್ದೀರಾ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದರೆ ಮೂರು ವಾರದ ಕೆಲಸ ಐದು ವಾರದ್ದಾಯಿತು,” ಎಂದರು. ಹೊರಗೆ ಬಂದ ಮೇಲೆ ಇಂಜಿನಿಯರರು, “ನೋಡ್ರಿ, ಸುಮ್ಮ ಕುಂತಿದ್ರ ಈ ವನವಾಸ ತಪ್ಪತಿತ್ತು,” ಎಂದು ನಕ್ಕರು. ಅವರು ಗಟ್ಟಿಯಾಗಿ ನಕ್ಕಿದ್ದನ್ನು ಕೇಳಿದ್ದೂ ಅದೇ ಮೊದಲು.

ಆಮೇಲಿನ ದಿನಗಳು ನಿಧಾನವಾಗಿ ಕಳೆದವು. ನಾನು ನನ್ನ ಶಾಲೆಗೆ ಮರಳಿ ಸಮೀಕರಣ ಮುಂದುವರಿಸಿದೆ. ಬೇಸಿಗೆಯ ಮೊದಲು ಯಾದಿ ಬಂತು. ಮುಚ್ಚಿ ಬೇರೆಯದಕ್ಕೆ ಸೇರಿಸಿಬಿಡುವ ಶಾಲೆಗಳಲ್ಲಿ ನಮ್ಮ ವಸ್ತಿಯ ಹೆಸರಿರಲಿಲ್ಲ. ನೀರಿನ ಜೋಡಣೆ, ಶೌಚಾಲಯದ ದುರಸ್ತಿ, ಇಳಿಜಾರು ದಾರಿ, ಚಾವಣಿ, ಈ ನಾಲ್ಕು ಕೆಲಸ ಮೊದಲ ಹಂತದಲ್ಲಿ ಮಂಜೂರಾಗಿದ್ದವು. ಆವಾರದ ಗೋಡೆ ಆಗಲಿಲ್ಲ. ಗ್ರಂಥಾಲಯ ಆಗಲಿಲ್ಲ. ಎರಡನೆಯ ಶಿಕ್ಷಕರ ಜಾಗ ಇಂದಿಗೂ ಖಾಲಿಯಿದೆ. ಮುಖ್ಯಾಧ್ಯಾಪಕರಿಗೆ ನೋಟಿಸು ಬರಲಿಲ್ಲ. ನನಗೂ ಬರಲಿಲ್ಲ. ಅದರ ಹಿಂದೆ ಸಾಹೇಬರ ಕೈ ಇತ್ತು ಎಂದು ನಂಬಿದ್ದೇನೆ. ಕೇಳಲು ಹೋಗಿಲ್ಲ.

ಜೂನಿನಲ್ಲಿ ಶಾಲೆ ತೆರೆದ ವಾರ ಕೆಲಸ ಪೂರ್ಣಗೊಂಡ ವರದಿ ಬರೆಯಲು ಅಲ್ಲಿಗೆ ಹೋದೆ. ನೀರು ಬರುತ್ತಿತ್ತು. ಇಳಿಜಾರಿನ ಅಳತೆ ಸರಿಯಿತ್ತು. ವರದಿ ಬರೆದು ಮುಗಿಸುವ ಹೊತ್ತಿಗೆ ಅಂಗಳದ ಆಚೆ ಒಂದು ಕುರಿಹಿಂಡು ನಿಂತಿತು. ಗಂಡ ಕುರಿಗಳ ಬಳಿ ಉಳಿದ. ಹೆಂಡತಿ ಐದಾರು ವರ್ಷದ ಮಗಳ ಕೈ ಹಿಡಿದು ಬಾಗಿಲವರೆಗೆ ಬಂದು, ಒಳಗೆ ಬರದೆ ನಿಂತಳು.

“ಬರ್ರಿ, ಒಳಗ ಬಂದ ಕುಂದ್ರಿ,” ಎಂದರು ಮುಖ್ಯಾಧ್ಯಾಪಕರು.

“ಈ ಸಾಲಿ ಮುಚ್ಚತಾರಂತ ಕೇಳಿದ್ವಿರಿ. ಅದಕ ಹ್ವಾದ ವರ್ಷ ಹೆಸರ ಹಚ್ಚಿರಲಿಲ್ಲ. ಇರ್ತೈತೇನ್ರಿ ಇದು?”

ಮುಖ್ಯಾಧ್ಯಾಪಕರು ನನ್ನ ಕಡೆ ನೋಡಿದರು. ಎಂದೆಂದಿಗೂ ಇರುತ್ತದೆ ಎಂದು ಹೇಳುವ ಅಧಿಕಾರ ನನಗಿರಲಿಲ್ಲ.

“ಈಗ ಐತ್ರಿ,” ಎಂದೆ. “ಹೆಸರ ಇವತ್ತ ಹಚ್ರಿ.”

ಅವಳು ಒಳಗೆ ಬಂದು ಕೂತಳು. ಮುಖ್ಯಾಧ್ಯಾಪಕರು ದಾಖಲೆ ಪುಸ್ತಕ ತೆರೆದು, ಹುಡುಗಿಯನ್ನು ಮೇಜಿನ ಹತ್ತಿರ ಕರೆದು ಹೆಸರು ಕೇಳಿದರು. ಅವಳು ತಾಯಿಯ ಸೆರಗಿನಲ್ಲಿ ಮುಖ ಹುದುಗಿಸಿ ಏನೋ ಅಂದಳು. ಯಾರಿಗೂ ಕೇಳಿಸಲಿಲ್ಲ.

“ಹಂಗಲ್ಲವ್ವಾ, ಜೋರಾಗಿ ಹೇಳು,” ಎಂದರು ಅವರು, ಪೆನ್ನು ಹಿಡಿದುಕೊಂಡು. “ಸರ್ಕಾರಕ್ಕ ಕೇಳಬೇಕು.”

ಹುಡುಗಿ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಎದೆ ತುಂಬ ಉಸಿರೆಳೆದು, ಅಂಗಳದಾಚೆಯ ಕುರಿಗಳು ತಲೆಯೆತ್ತಿ ನೋಡುವಷ್ಟು ಜೋರಾಗಿ ತನ್ನ ಹೆಸರು ಹೇಳಿದಳು.